ಮಂಡೋದರಿಯ ಬಿಕ್ಕು

ಸತ್ತವರ ಕೈ ಹಿಡಿಯಿರಿ ಎಂದು ನಮ್ಮ ವಸ್ತುಸಂಗ್ರಹಾಲಯ ಬಾಗಿಲಿಗೆ ಬೋರ್ಡು ಹಾಕಿದಾಗ ಊರಿನ ಜನ ಮೊದಲು ನಕ್ಕರು, ಆಮೇಲೆ ಹೆದರಿದರು, ಕೆಲವೇ ವಾರಗಳಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಸಾಲಿನಲ್ಲಿ ನಿಂತರು. ಬೋರ್ಡಿನ ಮಾತು ನನ್ನದಲ್ಲ, ನಮ್ಮ ನಿರ್ದೇಶಕ ವಾದಿರಾಜರದು. ಅವರಿಗೆ ಯಾವುದನ್ನೇ ಆಗಲಿ ಒಂದು ಮೆಟ್ಟಿಲು ಮೇಲಿಟ್ಟು ಹೇಳುವ ಚಟ. ಆದರೆ ಈ ಸಲ ಅವರು ಹೇಳಿದ್ದರಲ್ಲಿ ಸುಳ್ಳು ಹೆಚ್ಚಿರಲಿಲ್ಲ.

ಈ ವಿಷಯ ಹೇಳಲು ಈಗ ಅಡ್ಡಿಯಿಲ್ಲ. ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ ದುರುಗವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ತಾನಿರುವ ತನಕ ಮಾತ್ರ ಎಂದಿದ್ದಳು, ಅಷ್ಟನ್ನು ನಡೆಸಿದ್ದೇನೆ.

ನನ್ನ ಹೆಸರು ವಾರಿಜಾ. ಹೊಸಪೇಟೆಯ ಹೊರಗೆ ಕಾಲುವೆ ದಾಟಿದರೆ ಸಿಗುವ ಆ ವಸ್ತುಸಂಗ್ರಹಾಲಯದ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿತ್ತು. ಗಾಜಿನ ಪೆಟ್ಟಿಗೆ ಕಂಡರೆ ನನಗೆ ಮೊದಲಿನಿಂದಲೂ ಆಗದು. ಯಾರದೋ ಮನೆಯ ತೊಟ್ಟಿಲು, ಯಾರೋ ಊರೂರು ಹೊತ್ತು ತಿರುಗಿದ ತಂಬೂರಿ ತಂದು ಗಾಜಿನೊಳಗಿಟ್ಟು 'ಮುಟ್ಟಬೇಡಿ' ಎಂದು ಬರೆಯುತ್ತೇವೆ. ಮುಟ್ಟಲೆಂದೇ ಹುಟ್ಟಿದ ವಸ್ತುಗಳು ಅವು! ಅದಕ್ಕೇ ಮುಕ್ತ ಭಂಡಾರದ ಕಾಯ್ದೆ ಬಂದ ದಿನ ನಾನು ಪ್ರಯೋಗಾಲಯದವರಿಗೆಲ್ಲ ಜಿಲೇಬಿ ತರಿಸಿದ್ದೆ. ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿ ಇರುವುದರ ಚಿತ್ರ, ಅಳತೆ, ಧ್ವನಿ, ನಮಗೆ ಗೊತ್ತಿರುವ ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸಬೇಕು. ಲೋಕದಲ್ಲಿ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಿದ್ದಬಹುದು, ಮಾರಲೂಬಹುದು. ಒಂದೇ ಷರತ್ತು, ಅದು ಯಾರದು ಎಂದು ಹೆಸರು ಹೇಳಬೇಕು. ಅಲ್ಲದೆ ಒಮ್ಮೆ ಬಿಟ್ಟುಕೊಟ್ಟದ್ದನ್ನು ಯಾವ ಕಾರಣಕ್ಕೂ ಹಿಂದಕ್ಕೆ ಕೇಳುವಂತಿಲ್ಲ. ನನಗೆ ಆ ಕಾಯ್ದೆಯಲ್ಲಿ ಬಹಳ ಹಿಡಿಸಿದ್ದು ಈ ಕೊನೆಯ ಮಾತೇ.

ಕಾಯ್ದೆಯ ಹಿಂದೆಯೇ ಬಂತು ಕೈಯಚ್ಚು ಯಂತ್ರ. ಒಂದು ವಸ್ತುವನ್ನು ಒಬ್ಬರೇ ವರ್ಷಗಟ್ಟಲೆ ಹಿಡಿದರೆ ಅವರ ಹಿಡಿತ ಅದರೊಳಕ್ಕೆ ಇಳಿದಿರುತ್ತದೆ. ಬೆವರಿನ ಉಪ್ಪು ಎಲ್ಲಿ ಎಷ್ಟು ಆಳಕ್ಕೆ ಹೋಗಿದೆ, ಯಾವ ಬೆರಳಿನ ಕೆಳಗೆ ಬಿದಿರಿನ ಎಳೆ ಚಪ್ಪಟೆಯಾಗಿದೆ, ಗಂಟಿನ ದಾರ ಯಾವ ದಿಕ್ಕಿಗೆ ಸವೆದಿದೆ, ಇದನ್ನೆಲ್ಲ ಕ್ಷ-ಕಿರಣದಿಂದ ಪದರ ಪದರವಾಗಿ ಓದಿ, ಇಂಥ ಸವೆತ ಆಗಬೇಕಾದರೆ ಕೈ ಹೇಗೆ ಆಡಿರಬೇಕು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಚಪ್ಪಲಿ ಸವೆದದ್ದು ನೋಡಿ ನಡಿಗೆ ಹೇಳುವವರಿಲ್ಲವೇ, ಹಾಗೆ. ಆ ಲೆಕ್ಕವನ್ನು ಒಂದು ಕೈಗವಸಿಗೆ ಕೊಡುತ್ತೇವೆ. ಅದರೊಳಗೆ ಗಾಳಿ ತುಂಬುವ ಪುಟ್ಟ ಪುಟ್ಟ ಚೀಲಗಳಿವೆ. ಹಾಕಿಕೊಂಡರೆ ಬೇರೊಬ್ಬರ ಕೈ ನಿಮ್ಮ ಕೈ ಮೇಲೆ ಕೂತು ನಿಮ್ಮನ್ನು ನಡೆಸುತ್ತದೆ. ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಲು ಹಿರಿಯರು ಹಿಂದಿನಿಂದ ಬಂದು ಕೈ ಹಿಡಿಯುತ್ತಿದ್ದರಲ್ಲ, ಅದೇ ಅನುಭವ.

ಬೀಸುಕಲ್ಲಿನ ಗೂಟದಿಂದ ಹೆಸರೇ ಗೊತ್ತಿಲ್ಲದ ಒಬ್ಬ ಹೆಂಗಸು ಎದ್ದು ಬಂದಳು. ಕುಡುಗೋಲಿನ ಹಿಡಿಯಿಂದ ಒಬ್ಬ ಎಡಚ ಬಂದ. ಜನ ಅವರ ಕೈ ಹಿಡಿದು ನೋಡಿ, ಆಹಾ ಎಂದು, ಮನೆಗೆ ಹೋಗಿ ಉಂಡು ಮಲಗಿದರು. ಆದರೆ ಲೋಕವೇ ಹುಚ್ಚಾದದ್ದು ಮಂಡೋದರಿಗೆ.

ಮಂಡೋದರಿ ಒಂದು ತೊಗಲುಗೊಂಬೆ. ಆಡಿನ ತೊಗಲನ್ನು ಹದ ಮಾಡಿ, ಕೊರೆದು, ಕೆಂಪು ಹಸಿರು ಬಣ್ಣ ತುಂಬಿದ್ದು. ನಡುವೆ ಬಿದಿರಿನ ಕಡ್ಡಿ. ಬಲಗೈ ಮಾತ್ರ ಬೇರೆ ತುಂಡು, ದಾರದ ಗಂಟಿನಿಂದ ಜೋಡಿಸಿದ್ದು, ಅದಕ್ಕೊಂದು ಸಣ್ಣ ಕಡ್ಡಿ. ರಾವಣ ಬಿದ್ದ ಮೇಲೆ ಅವನ ಹೆಂಡತಿ ರಣರಂಗಕ್ಕೆ ಬಂದು ಎದೆ ಬಡಿದುಕೊಂಡು ಅಳುತ್ತಾಳಲ್ಲ, ಅದೊಂದೇ ಸಂದರ್ಭಕ್ಕೆ ಈಕೆ ಪರದೆಯ ಮೇಲೆ ಬರುತ್ತಿದ್ದಳು. ಆಡಿಸುತ್ತಿದ್ದವನು ಕರಿಕಲ್ಲದಿನ್ನಿಯ ಹೊನ್ನೂರಪ್ಪ. ಅವನ ಮಂಡೋದರಿ ಅತ್ತರೆ ಹೊಲದ ಬದುವಿನ ಜಾಲಿಗಿಡವೂ ಅಳುತ್ತದೆ ಎಂದು ಆ ಸೀಮೆಯಲ್ಲಿ ಮಾತಿತ್ತು. ಅವನು ಸತ್ತು ಆರು ವರ್ಷವಾಗಿತ್ತು. ಸತ್ತ ವಾರದಲ್ಲೇ ಗೊಂಬೆ ನಮ್ಮಲ್ಲಿಗೆ ಬಂದಿತ್ತು.

ಆ ಸಣ್ಣ ಕಡ್ಡಿಯನ್ನು ಯಂತ್ರದ ಕೆಳಗಿಟ್ಟು, ಕೈಗವಸು ಹಾಕಿಕೊಂಡು ಮೊದಲು ನೋಡಿದವಳು ನಾನು. ಕೈ ನಿಧಾನ ಹಣೆಯ ತನಕ ಏರಿತು. ಅಲ್ಲಿಂದ ಎದೆಯ ಕಡೆಗೆ ಬಿತ್ತು. ಇನ್ನೇನು ಎದೆ ಮುಟ್ಟಬೇಕು, ಅಷ್ಟರಲ್ಲಿ ಯಾರೋ ಹಿಡಿದುಕೊಂಡಂತೆ ನಿಂತಿತು. ಒಂದು ಉಸಿರು ಹಾಗೇ ನಿಂತು, ಆಮೇಲೆ ಮೆಲ್ಲಗೆ, ಸದ್ದಿಲ್ಲದ ಹಾಗೆ ಎದೆಗೆ ತಾಗಿತು. ಅಳುವವರು ಅಳು ನುಂಗುವಾಗ ಗಂಟಲು ಹೀಗೇ ಮಾಡುತ್ತದೆ. ನಾನು ಸುಲಭಕ್ಕೆ ಅಳುವವಳಲ್ಲ, ಆದರೆ ಅವತ್ತು ಕುರ್ಚಿಯಲ್ಲಿ ಕೂತೇ ಅತ್ತೆ.

ಯಂತ್ರ ಎರಡು ವಿಚಿತ್ರ ತೋರಿಸಿತ್ತು. ಮಣಿಕಟ್ಟಿನ ಹತ್ತಿರ ಏನೋ ಭಾರ ಇದ್ದಿರಬೇಕು ಎಂದಿತು. ಬೆಳ್ಳಿಯ ಕಡಗ ಇದ್ದೀತು ಎಂದೆವು. ಕೈಯ ಅಳತೆ ಚಿಕ್ಕದು ಎಂದಿತು. ಮನುಷ್ಯ ಕುಳ್ಳ ಇದ್ದಿರಬೇಕು ಎಂದೆವು. 'ಕರಿಕಲ್ಲದಿನ್ನಿ ಹೊನ್ನೂರಪ್ಪನ ಕೈ' ಎಂದು ಹೆಸರು ಬರೆದು ಲೋಕಕ್ಕೆ ಬಿಟ್ಟೆವು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಎಲ್ಲೆಲ್ಲಿಯದೋ ದೇಶದಲ್ಲಿ ಪಾರ್ಶ್ವವಾಯು ಬಡಿದವರಿಗೆ ಕೈ ಎತ್ತುವುದನ್ನು ಕಲಿಸಲು ಈ ಕೈಯನ್ನು ಬಳಸಿದರು. ನಾಟಕದ ಶಾಲೆಗಳಲ್ಲಿ 'ಹೊನ್ನೂರಪ್ಪನ ಬಿಕ್ಕು' ಎಂದು ಪಾಠ ಮಾಡಿದರು. ಕಾಗದದ ಗೊಂಬೆ, ಪ್ಲಾಸ್ಟಿಕ್ ಗೊಂಬೆ, ಬೆಳಕಿನ ಗೊಂಬೆ ಎಲ್ಲವೂ ಬಿಕ್ಕಿದವು. ಒಬ್ಬ ಪುಣ್ಯಾತ್ಮ ಅದನ್ನು ಬೆಕ್ಕಿಗೆ ಜೋಡಿಸಿ, ಹಾಲು ಚೆಲ್ಲಿದ್ದಕ್ಕೆ ಎದೆ ಬಡಿದುಕೊಳ್ಳುವ ಬೆಕ್ಕಿನ ಚಿತ್ರ ಮಾಡಿದ. ಅದನ್ನು ನೋಡಿದಷ್ಟು ಜನ ಮಂಡೋದರಿಯನ್ನೂ ನೋಡಿರಲಿಲ್ಲ. ಆದರೂ ಬೆಕ್ಕಿನ ಕೆಳಗೆ ಅವನು ನಿಷ್ಠೆಯಿಂದ ಬರೆದಿದ್ದ, ಕೈ ಕರಿಕಲ್ಲದಿನ್ನಿ ಹೊನ್ನೂರಪ್ಪನದು ಎಂದು. ಷರತ್ತು ಒಂದೇ ಅಲ್ಲವೇ, ಅದನ್ನು ಲೋಕ ಚಾಚೂ ತಪ್ಪದೆ ಪಾಲಿಸಿತು.

ದುರುಗವ್ವ ಬಂದದ್ದು ಆ ಸಂಭ್ರಮದ ನಡುವೆ. ಹೊನ್ನೂರಪ್ಪನ ಹೆಂಡತಿ. ತೆಳ್ಳನೆಯ ಮುದುಕಿ, ತಲೆ ತುಂಬ ಸೆರಗು, ಬರಿಗೈ. ಜೊತೆಗೆ ಮಗಳು ಹುಲಿಗೆವ್ವ ಇದ್ದಳು. ಊರಿನ ಅಂಗನವಾಡಿಯ ಟೀಚರು, ಮಕ್ಕಳಿಗೆ ಕಾಗದದ ಗೊಂಬೆ ಆಡಿಸಿ ತೋರಿಸುವವಳು. ಬಾಗಿಲ ದೊಡ್ಡ ಪರದೆಯ ಮೇಲೆ ಯಾವುದೋ ದೇಶದ ಹುಡುಗಿಯೊಬ್ಬಳು ಮಂಡೋದರಿಯ ನಕಲನ್ನು ಆಡಿಸುತ್ತಿದ್ದಳು. ಮುದುಕಿ ಅದರ ಮುಂದೆ ಹೋಗಿ ನಿಂತವಳು ನಿಂತೇ ಇದ್ದಳು. ಆಮೇಲೆ ಒಳಗೆ ಬಂದು ವಾದಿರಾಜರಿಗೆ ಕೈ ಮುಗಿದಳು.

"ಸಾಹೇಬ್ರ, ನಮ್ಮ ಮಂಡೋದ್ರಿನ್ನ ಕೊಟ್ಟಬಿಡ್ರಿ. ಹೊಳಿಗೆ ಬಿಡಬೇಕು."

ವಾದಿರಾಜರು ಗಾಬರಿಯಾದರು. "ಹೊಳೆಗೆ? ಅಮ್ಮಾ, ಅದು ಈಗ ಪ್ರಪಂಚದ ಆಸ್ತಿ."

"ಹೌದ್ರಿ, ನೋಡ್ದೆ ಹೊರಗ. ಅದನ್ನೂ ಬಂದ್ ಮಾಡ್ರಿ."

ಹುಲಿಗೆವ್ವ ಬಿಡಿಸಿ ಹೇಳಿದಳು. ಅವರ ಮನೆತನದಲ್ಲಿ ಗೊಂಬೆಯನ್ನು ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆಡಿಸಿದವರು ಸತ್ತರೆ ಅವರ ಕೈಯ ಗೊಂಬೆಗೂ ಸಾವು. ಅರಿಶಿನ ಹಚ್ಚಿ, ಹೊಸ ಬಟ್ಟೆ ಸುತ್ತಿ, ತುಂಗಭದ್ರೆಗೆ ಬಿಡಬೇಕು. ಬಿಡುವ ತನಕ ಆ ಮನೆಯ ಸೂತಕ ಪೂರ್ತಿ ಕಳೆಯುವುದಿಲ್ಲ. ಬಿಟ್ಟ ಮೇಲೆ ಆ ಗೊಂಬೆ ಮತ್ತೆ ಪರದೆಯ ಮೇಲೆ ಬರಬಾರದು. ಅಪ್ಪ ಸತ್ತಾಗ ಅವ್ವ ಮೂಲೆ ಹಿಡಿದು ಕೂತಿದ್ದಳು. ವಸ್ತುಸಂಗ್ರಹಾಲಯದವರು ಬಂದು ಕೇಳಿದ್ದಕ್ಕೆ ಚಿಕ್ಕಪ್ಪ ಫಕೀರಪ್ಪ, ಅಣ್ಣನ ಹೆಸರು ಉಳಿಯಲಿ ಎಂದು ಒಪ್ಪಿ ಕೊಟ್ಟುಬಿಟ್ಟಿದ್ದ. ಅವ್ವನನ್ನು ಯಾರೂ ಕೇಳಿರಲಿಲ್ಲ.

"ಆರು ವರ್ಷ ಆತ್ರಿ," ದುರುಗವ್ವ ಹೇಳಿದಳು. "ಸತ್ತಾಕಿನ್ನ ಮಣ್ಣು ಮಾಡದಂಗ ಇಟ್ಟೀವಿ. ಈಗ ನೋಡಿದ್ರ ಊರೂರು ಕುಣಸಾಕ ಹತ್ತೀರಿ. ನನ್ನ ಜೀವಕ್ಕ ನೆಮ್ಮದಿ ಇಲ್ಲ. ನಾ ಸಾಯೂದ್ರಾಗ ಆಕಿ ಹೊಳಿ ಕಾಣಬೇಕು."

ವಾದಿರಾಜರು ಕೆಟ್ಟ ಮನುಷ್ಯರಲ್ಲ. ತಾಳ್ಮೆಯಿಂದ ತಿಳಿಸಿ ಹೇಳಿದರು. ಗೊಂಬೆಯ ವಿಷಯ ಸಮಿತಿಯ ಮುಂದಿಡಬಹುದು. ಆದರೆ ಕೈಯನ್ನು ಹಿಂದಕ್ಕೆ ಕರೆಯುವುದು ಸಾಧ್ಯವಿಲ್ಲ. ಎಷ್ಟು ಕಡೆ ಹೋಗಿದೆಯೋ ನಮಗೇ ಗೊತ್ತಿಲ್ಲ. ನೀರಿಗೆ ಹಾಕಿದ ಉಪ್ಪನ್ನು ಹೆಕ್ಕಲು ಬರುವುದಿಲ್ಲ.

ಮುದುಕಿ ನನ್ನ ಕಡೆ ತಿರುಗಿದಳು. ಹೆಂಗಸು, ಇವಳಾದರೂ ಬೇರೆ ಮಾತು ಹೇಳಿಯಾಳು ಎಂದುಕೊಂಡಿರಬೇಕು.

"ನೀ ಹೇಳವ್ವ. ಎಂದಿಗೂ ಅಳಸಾಕ ಬರೂದಿಲ್ಲನು?"

"ಇಲ್ಲ ಅವ್ವಾ. ನಾವೇ ಮನಸ್ಸು ಮಾಡಿದ್ರೂ ಆಗಲ್ಲ," ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಎಲ್ಲರಿಗೂ ಕೊಟ್ಟಿದ್ದೇವೆ ಎಂದು ಊರೆಲ್ಲ ಡಂಗುರ ಹೊಡೆದಿದ್ದೆವು, ಮನೆಬಾಗಿಲಿಗೆ ಬಂದು ಕೇಳಿದವಳನ್ನು ಬರಿಗೈಯಲ್ಲಿ ಕಳಿಸಿದೆವು.

ಮರುವಾರ ನಾನೇ ಕರಿಕಲ್ಲದಿನ್ನಿಗೆ ಹೋದೆ. ಹೊಳೆಯ ದಂಡೆಯ ಊರು. ಎರಡು ಕೋಣೆಯ ಮನೆ, ಅಂಗಳದಲ್ಲಿ ಬೇವಿನ ಮರ, ಗೋಡೆಗೆ ಒರಗಿಸಿದ ಗೊಂಬೆಗಳ ಬಿದಿರಿನ ಪೆಟ್ಟಿಗೆ. ದುರುಗವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, "ಕುಂದ್ರವ್ವ, ಬಿಸಿ ಐತಿ ಉಣ್ಣು" ಎಂದು ತಾಟಿಗೆ ರೊಟ್ಟಿ ಹಾಕಿದಳು.

ಹುಲಿಗೆವ್ವ ಒಂದು ಹಳೆಯ ಕೈಗವಸು ತಂದು ತೋರಿಸಿದಳು. ಗಂಗಾವತಿಯ ಕಾಲೇಜೊಂದು ಬೇಡವೆಂದು ಬಿಟ್ಟದ್ದು. ಮೊದಮೊದಲು ಅವ್ವ ಇಲ್ಲದಾಗ ಅದನ್ನು ಹಾಕಿಕೊಂಡು ಅಪ್ಪನ ಕೈಯಿಂದ ಕಲಿಯುತ್ತಿದ್ದಳಂತೆ.

"ನಮ್ಮಪ್ಪ ನಮಗ ಕಲಿಸಲಿಲ್ರಿ ಮೇಡಂ. ನಮ್ಮ ಮನಿಯಾಗ ಹೆಣಮಕ್ಕಳು ತಾಳ ಹಾಕಬೇಕು, ಹಿಂದಿಂದ ದನಿ ಕೊಡಬೇಕು. ಕಡ್ಡಿ ಮುಟ್ಟಂಗಿಲ್ಲ. ಕಟ್ಟಳಿ ಅದು. ಕಲಿಸೂ ಪದ್ಧತಿ ಹೆಂಗಂದ್ರ, ಹಿಂದ ಕುಂತು ಕೈ ಮ್ಯಾಲೆ ಕೈ ಇಡಬೇಕು. ನನ್ನ ಕೈ ಮ್ಯಾಲೆ ಅಪ್ಪ ಎಂದೂ ಕೈ ಇಡಲಿಲ್ಲ. ಈ ಗವಸು ಹಾಕ್ಕೊಂಡ ಮೊದಲ್ನೇ ಸಲ ಇಟ್ಟ ನೋಡ್ರಿ. ಏನ್ ಅತ್ತೆ ಅಂತೀರಿ!"

ಕಾಯ್ದೆ, ಯಂತ್ರ ಎಲ್ಲ ಸಾರ್ಥಕವಾಯಿತು ಎನಿಸಿತು ನನಗೆ. ಹುಲಿಗೆವ್ವ ಚಿಕ್ಕಪ್ಪ ಆಡಿಸುವ ಬೇರೊಂದು ಗೊಂಬೆ ಹಿಡಿದು ಆಡಿಸಿ ತೋರಿಸಿದಳು. ಗವಸು ಇದ್ದಾಗ ಬಿಕ್ಕು ಬರುತ್ತಿತ್ತು. ತೆಗೆದರೆ ಕೈ ಸೀದಾ ಎದೆಗೆ ಬೀಳುತ್ತಿತ್ತು. ಬೇಕೆಂದು ನಿಲ್ಲಿಸಿದರೆ ನಿಲ್ಲಿಸಿದ್ದು ಕಾಣುತ್ತಿತ್ತು, ಅಳು ಕಾಣುತ್ತಿರಲಿಲ್ಲ.

"ಯಾಕ್ ನಿಲ್ಲತೈತಿ ಅಂತ ತಿಳಿವಲ್ದು," ಎಂದಳು. "ಅಪ್ಪಗ ಒಳಗ ಏನೋ ಸಂಕಟ ಇತ್ತೇನೋ."

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ದುರುಗವ್ವ ನಮ್ಮ ಕಡೆ ನೋಡದೆ, "ರೊಟ್ಟಿ ಆರತಾವು, ಉಣ್ರಿ" ಎಂದಳು. ಊಟವಾದ ಮೇಲೆ ಮಗಳನ್ನು ಅಂಗಳದಲ್ಲಿ ಕೂರಿಸಿಕೊಂಡು, ಆ ನಲವತ್ತು ದಾಟಿದ ಹೆಂಗಸಿನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು, "ಆಕಿನ್ನ ಕೊಡಸವ್ವ."

ಕೊಡಿಸುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಕೊನೆಗೆ ದಾರಿ ಹುಡುಕಿದವರು ವಾದಿರಾಜರೇ. ಗೊಂಬೆಯ ಚಿತ್ರ, ಬಣ್ಣ, ತೊಗಲು, ಕೈ ಎಲ್ಲವೂ ಲೋಕದ ಕೈಗೆ ಸಿಕ್ಕಿರುವಾಗ ಮೂಲವನ್ನು ನಾವು ಹಿಡಿದಿಟ್ಟುಕೊಳ್ಳುವುದಕ್ಕೆ ಅರ್ಥವಿಲ್ಲ, ಮನೆತನದ ಅಂತ್ಯಕ್ರಿಯೆಗೆ ಬಿಟ್ಟುಕೊಡಬಹುದು ಎಂದು ಸಮಿತಿಯ ಮುಂದೆ ವಾದಿಸಿ ಗೆದ್ದರು. ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಾ, "ನಕಲು ಇರೋದರಿಂದ ಮೂಲ ಬಿಡುಗಡೆ ಆಯ್ತು ನೋಡಿ ವಾರಿಜಾ, ಇದೂ ಒಂದು ಮುಕ್ತ ಭಂಡಾರವೇ," ಎಂದರು. ಒಂದು ಮೆಟ್ಟಿಲು ಮೇಲಿಟ್ಟು ಹೇಳುವುದನ್ನು ಅವತ್ತೂ ಬಿಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಕಾರ್ತಿಕದ ಒಂದು ಬೆಳಿಗ್ಗೆ ಮಂಡೋದರಿಯನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕರಿಕಲ್ಲದಿನ್ನಿಗೆ ಹೋದೆ. ಹೊಳೆ ತುಂಬಿ ಶಾಂತವಾಗಿ ಹರಿಯುತ್ತಿತ್ತು. ಘಾಟಿನ ಮೆಟ್ಟಿಲ ಮೇಲೆ ಮನೆಯವರಷ್ಟೇ ಇದ್ದರು. ಫಕೀರಪ್ಪ ಸಣ್ಣ ಬಿಳಿ ಪರದೆ ಕಟ್ಟಿಸಿದ್ದ. ಎಂಬತ್ತರ ಹತ್ತಿರದ ಮನುಷ್ಯ, ಸೊಂಟ ಬಾಗಿದರೂ ದನಿ ಬಾಗಿರಲಿಲ್ಲ. ದುರುಗವ್ವ ಗೊಂಬೆಯನ್ನು ತೆಗೆದುಕೊಂಡು, ಮಗುವಿನ ಮುಖ ಒರೆಸುವ ಹಾಗೆ ಅಂಗೈಯಿಂದ ಅದರ ಮುಖ ಸವರಿದಳು.

ಅರಿಶಿನ ಹಚ್ಚಿಯಾಯಿತು. ಆಗ ಫಕೀರಪ್ಪ ತಲೆ ಕೆರೆದುಕೊಂಡ.

"ಒಂದ್ ತೊಡಕು ಐತಿ. ಬಿಡೂ ಮುಂದ ಕಡೀ ಆಟ ಆಗಬೇಕು. ಆಡಿಸಿದ ಕೈಯೇ ಆಡಿಸಬೇಕು. ಸಾಯೂ ಮುಂದ ಅಣ್ಣ ಆಡಿಸಿದ್ರ ಆಗಿಹೋಗತಿತ್ತು. ಈಗ ಹೆಂಗ?"

ನನಗೆ ಥಟ್ಟನೆ ಹೊಳೆಯಿತು. ಹುಲಿಗೆವ್ವನ ಚೀಲದಲ್ಲಿ ಕೈಗವಸು ಇತ್ತು. "ಆಡಿಸಿದ ಕೈ ಇದೆಯಲ್ಲ!" ಎಂದೆ. "ಹುಲಿಗೆವ್ವ ಗವಸು ಹಾಕ್ಕೊಳ್ಳಲಿ. ಹೊನ್ನೂರಪ್ಪನವರ ಕೈಯೇ ಆಡಿಸುತ್ತೆ."

ಫಕೀರಪ್ಪ ಯೋಚಿಸಿ, ಆಗಬಹುದು ಎಂದು ತಲೆಯಾಡಿಸಿದ. ಅಣ್ಣನ ಕೈ ಮತ್ತೆ ಕಾಣುತ್ತದೆ ಎಂದು ಅವನ ಕಣ್ಣು ತುಂಬಿ ಬಂದವು. ಹುಲಿಗೆವ್ವ ಗವಸು ಹಾಕಿಕೊಂಡು ಗೊಂಬೆಗೆ ಕೈ ಚಾಚಿದಳು.

ದುರುಗವ್ವ ಕೊಡಲಿಲ್ಲ. ಗೊಂಬೆಯನ್ನು ಎದೆಗೆ ಒತ್ತಿಕೊಂಡಳು.

"ಬ್ಯಾಡ. ಅದು ಆತನ ಕೈ ಅಲ್ಲ."

"ಅಲ್ಲ ಅಂದ್ರ?" ಫಕೀರಪ್ಪ ಕೇಳಿದ.

"ಸುಳ್ಳ ಆಟ ಆಡಿಸಿ ಆಕಿನ್ನ ಕಳಸಬ್ಯಾಡ್ರಿ. ಅದು ನನ್ನ ಕೈ."

ಆಕೆ ಮೆಟ್ಟಿಲ ಮೇಲೆ ಕೂತು, ಹೊಳೆಯ ಕಡೆ ನೋಡುತ್ತಾ ಹೇಳಿದಳು.

"ಆತ ಮಂಡೋದ್ರಿ ಅಳೂ ಪದ ಎತ್ತಿದ್ರ ಆತಗ ಅಳು ಬರತಿತ್ತು. ಖರೇನ ಅಳು. ಕೈ ನಡಗತಿತ್ತು. ಕಡ್ಡಿ ಹಿಡದ್ರ ಗೊಂಬಿ ಕುಣದಂಗ ಕಾಣತಿತ್ತು, ಮಂದಿ ನಗತಿದ್ರು. ಒಂದಿನ ನಾನ ಕೈಯಾಗಿಂದು ಇಸಗೊಂಡೆ. ಆತ ಹಾಡಿದ, ನಾ ಆಡಿಸ್ದೆ. ಮಂದಿ ಗೊಳೋ ಅಂತ ಅತ್ರು. ಅವತ್ತಿಂದ ಮಂಡೋದ್ರಿ ನನ್ನಾಕಿ ಆದ್ಲು. ಆತನ ಹಾಡು ನಿಂತ ದಿನ ಆಕಿನೂ ಸತ್ಲು. ಹೆಣಮಗಳು ಕಡ್ಡಿ ಹಿಡದಾಳ ಅಂತ ಗೊತ್ತಾದ್ರ ಯಾವ ಊರಾಗ ಪರದಿ ಕಟ್ಟಾಕ ಬಿಡತಿದ್ರು? ನೀನರ ಬಿಡತಿದ್ದೇನು ಫಕೀರಪ್ಪ?"

ಆ ಹೊತ್ತಿಗೆ ಫಕೀರಪ್ಪ ಮುಂದಿನ ಆಟಕ್ಕೆ ಗೊಂಬೆ ಹೊಂದಿಸುತ್ತಾ ಪರದೆಯ ಹಿಂದೆ ಇನ್ನೊಂದು ತುದಿಯಲ್ಲಿ ಇರುತ್ತಿದ್ದನಂತೆ, ಬೆನ್ನು ಮಾಡಿ. ಹುಲಿಗೆವ್ವ ಅಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದಳಂತೆ.

"ಮತ್ತೆ ಆ ಬಿಕ್ಕು, ಅವ್ವಾ?" ನಾನು ಕೇಳಿದೆ. "ಎದೆ ಮುಟ್ಟೋ ಮುಂಚೆ ಕೈ ನಿಲ್ಲುತ್ತಲ್ಲ?"

ಆಕೆ ನನ್ನನ್ನು ನೋಡಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಳಿ ಅವ್ವ. ಕೈ ತುಂಬ ಗಾಜಿನ ಬಳಿ. ಆ ಪದಕ್ಕ ತಾಳ ಇಲ್ಲ, ಮಂದಿ ಉಸುರು ಹಿಡದು ಕುಂತಿರತಿದ್ರು. ಕೈ ಜೋರಾಗಿ ಇಳಿಸಿದ್ರ ಬಳಿ ಝಲ್ ಅಂತಿದ್ವು. ಪರದಿ ಹಿಂದ ಹೆಂಗಸಿನ ಕೈ ಐತಿ ಅಂತ ಗೊತ್ತಾಗಿ ಹೋಗತಿತ್ತು. ಬಿಚ್ಚಿಡೂಣು ಅಂದ್ರ ಗಂಡ ಇದ್ದಾಕಿ, ಹೆಂಗ ಬಿಚ್ಚಲಿ? ಬಟ್ಟಿ ಸುತ್ತಿದ್ರ ಮಣಿಕಟ್ಟು ತಿರಗತಿರಲಿಲ್ಲ. ಅದಕ್ಕ ಕೈ ಅರ್ಧಕ್ಕ ನಿಲ್ಲಸತಿದ್ದೆ. ಬಳಿ ಸುಮ್ಮನಾದ ಮ್ಯಾಲೆ ಮೆಲ್ಲಕ ಇಳಸತಿದ್ದೆ. ಮಂದಿ ಅಳು ಅಂತ ತಿಳಕೊಂಡ್ರು."

ಭಾರ ಎಂದು ಯಂತ್ರ ಹೇಳಿದ್ದು ಅದನ್ನು. ನಾಟಕದ ಶಾಲೆಗಳು, ಆಸ್ಪತ್ರೆಗಳು, ಆ ಬೆಕ್ಕು, ಎಲ್ಲರೂ ಕಲಿತದ್ದು ಸಿಕ್ಕಿಬೀಳುವ ಹೆದರಿಕೆಯಲ್ಲಿ ಒಬ್ಬ ಹೆಂಗಸು ಬಳೆ ಸುಮ್ಮನಾಗಲೆಂದು ಕಾದ ಆ ಒಂದು ಉಸಿರನ್ನು.

ಹುಲಿಗೆವ್ವ ಗವಸಿನ ಕೈಯನ್ನೇ ನೋಡುತ್ತಿದ್ದಳು. "ಅಪ್ಪ ಕೈ ಹಿಡದ ಅಂತ ಅತ್ತೆನಲ್ಲವ್ವ ನಾನು," ಎಂದಳು. "ಆ ಕೈ ದಿನಾ ನನ್ನ ತಲಿ ಬಾಚತೈತಿ. ಗುರ್ತು ಹತ್ತಲಿಲ್ಲಲ್ಲ ನನಗ." ಅವಳಿಗೆ ತಡೆಯಲಾಗಲಿಲ್ಲ, ಅವ್ವನ ತೊಡೆಯ ಮೇಲೆ ಬಿದ್ದು ಅತ್ತಳು.

ಫಕೀರಪ್ಪ ಎದ್ದ. ಬೈದು ಹೋಗುತ್ತಾನೆ ಎಂದುಕೊಂಡೆ. ಅವನು ಪರದೆಯ ಪಕ್ಕ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, "ಆಡಿಸು ಅತ್ತಿಗಿ, ನಾ ಹಾಡತೀನಿ" ಎಂದ.

ಅವನು ಪದ ಎತ್ತಿದ. ಬಿಸಿಲಿಗೆ ಪರದೆಯ ಮೇಲೆ ಮಂಡೋದರಿಯ ನೆರಳು ಬಿತ್ತು. ಆ ಮುದಿ ಕೈ ಗೊಂಬೆಯ ಕೈಯನ್ನು ಹಣೆಯ ತನಕ ಎತ್ತಿತು, ಕೆಳಗೆ ಬಿಟ್ಟಿತು. ಎಲ್ಲೂ ನಿಲ್ಲದೆ ಅದು ಸೀದಾ ಎದೆಗೆ ಬಿತ್ತು. ದುರುಗವ್ವ ಮತ್ತೆ ಎತ್ತಿದಳು. ಮತ್ತೆ ಹಾಗೇ ಬಿತ್ತು. ಮೂರನೇ ಸಲಕ್ಕೆ ಕೈ ಕೆಳಗಿಟ್ಟಳು.

"ಬರವಲ್ದು," ಎಂದಳು. "ಆತ ಹ್ವಾದ ದಿನ ಬಳಿ ಒಡದ್ರು. ಈಗ ಈ ಕೈ ಯಾರಿಗೆ ಅಂಜಿ ನಿಲ್ಲಬೇಕು?"

ಜೀವನವೆಲ್ಲ ವಿಧವೆಯ ಅಳು ಆಡಿಸಿದ ಕೈ, ತಾನೇ ವಿಧವೆಯಾದ ದಿನ ಅಳುವುದನ್ನು ಮರೆತಿತ್ತು. ಹುಲಿಗೆವ್ವ ಸರಕ್ಕನೆ ತನ್ನ ಹಸಿರು ಬಳೆ ಕಳಚಲು ಹೋದಳು. ದುರುಗವ್ವ ಅವಳ ಕೈ ಹಿಡಿದಳು. "ಮುತ್ತೈದಿ, ಬಿಚ್ಚಬಾರದು. ನನಗ ಆ ಗವಸು ಹಾಕು."

ಆ ಬರಿಗೈಗೆ ನಾನೇ ಗವಸು ಏರಿಸಿದೆ. ಗಾಳಿ ತುಂಬಿತು. ಮೂವತ್ತು ನಲವತ್ತು ವರ್ಷ ಹಿಂದಿನ ಅವಳ ಕೈ ಹಿಂದಿನಿಂದ ಬಂದು ಅವಳ ಕೈ ಮೇಲೆ ಕೂತಿತು. ಫಕೀರಪ್ಪ ಮತ್ತೆ ಪದ ಎತ್ತಿದ. ನೆರಳಿನ ಕೈ ಹಣೆಗೆ ಏರಿ, ಎದೆಗೆ ಇಳಿಯುತ್ತಾ, ನಿಂತಿತು. ಒಂದು ಉಸಿರು. ಆಮೇಲೆ ಮೆಲ್ಲಗೆ ತಾಗಿತು. ಫಕೀರಪ್ಪನ ದನಿ ಒಡೆಯಿತು.

ದುರುಗವ್ವ ಅಳುತ್ತಿದ್ದಳು. ಆಟ ಮುಗಿದರೂ ಗವಸು ತೆಗೆಯಲು ಬಿಡಲಿಲ್ಲ. ಎಡಗೈಯಿಂದ ಅದರ ಮಣಿಕಟ್ಟಿನ ಹತ್ತಿರ ತಡವಿ ತಡವಿ ನೋಡಿದಳು.

"ಇಕಿ ಕೈಯಾಗ ಬಳಿ ಅದಾವು," ಎಂದಳು. "ಇಕಿಗೆ ಇನ್ನೂ ಗೊತ್ತಿಲ್ಲ. ಇಲ್ಲಿ ಆತ ಇನ್ನೂ ಹೋಗಿಲ್ಲ."

ಆಮೇಲೆ ಆಕೆ ಅವತ್ತು ಕೇಳಿದ್ದನ್ನೇ ಮತ್ತೆ ಕೇಳಿದಳು. "ಎಂದಿಗೂ ಅಳಸಾಕ ಬರೂದಿಲ್ಲ ಅಂದಿದ್ದೆಲ್ಲ? ಖರೇನ?"

"ಖರೇ ಅವ್ವಾ. ನಾವೇ ಮನಸ್ಸು ಮಾಡಿದ್ರೂ ಆಗಲ್ಲ."

"ಚಲೋ ಆತು," ಎಂದಳು.

ಹೆಸರು ಬದಲಿಸುತ್ತೇವೆ, ನಿಮ್ಮ ಹೆಸರು ಹಾಕುತ್ತೇವೆ ಎಂದೆ. ಆಕೆ ತಲೆಯಾಡಿಸಿದಳು. "ಇಷ್ಟ ವರ್ಷ ಸಪ್ಪಳಾಗದಂಗ ಕಾದೀನಿ. ಈಗ ಝಲ್ ಅನ್ನಿಸಬ್ಯಾಡ. ನಾ ಇರೂತನ ಆತನ ಹೆಸರ ಇರಲಿ." ಆಕೆ ಹೋದ ಮೇಲೆ ನಾವು ತಿದ್ದಿದೆವು. ಆದರೆ ಅಷ್ಟರೊಳಗೆ ಲೋಕದ ತುಂಬ ಹರಡಿದ ಪ್ರತಿಗಳಲ್ಲಿ ಹೊನ್ನೂರಪ್ಪನ ಹೆಸರೇ ಇದೆ, ಇರುತ್ತದೆ.

ಮಂಡೋದರಿಯನ್ನು ಆಕೆಯೇ ನೀರಿಗೆ ಬಿಟ್ಟಳು. ತೊಗಲು ಮೊದಲು ತೇಲಿತು, ಒಂದು ಸುತ್ತು ತಿರುಗಿತು, ಒದ್ದೆಯಾಗಿ ಭಾರವಾಗಿ ಕೆಂಪು ಹಸಿರು ಬಣ್ಣದೊಂದಿಗೆ ಒಳಗೆ ಹೋಯಿತು. ಯಾರೂ ಹಿಂದಿರುಗಿ ನೋಡಬಾರದಂತೆ. ಎಲ್ಲರೂ ಮೆಟ್ಟಿಲು ಹತ್ತಿದೆವು. ಗವಸನ್ನು ಮಗಳ ಚೀಲಕ್ಕೆ ಹಾಕಿ ದುರುಗವ್ವ ನನ್ನ ಮುಂದೆ ನಡೆಯುತ್ತಿದ್ದಳು. ಹತ್ತುವಾಗ ಕೈ ಬೀಸಿದರೆ ಸದ್ದಾದೀತೆಂದು, ಬಲಗೈಯ ಬರಿದಾದ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.